ಎಂಟು ಯೂನಿಟ್ ಬಿ ನೆಗೆಟಿವ್: ಮಗುವಿನ ಹೃದಯ ಶಸ್ತ್ರಚಿಕಿತ್ಸೆಗೆ ರಕ್ತ ಹೊಂದಿಸಿದ ಒಂದು ಪ್ರಕರಣ

ಹೆಣ್ಣು ಮಗು, ನಾಲ್ಕು ವರ್ಷ, ತೂಕ 14 ಕೆಜಿ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ. ವೈದ್ಯರ ಚೀಟಿಯಲ್ಲಿ ವಿಎಸ್‌ಡಿ ಎಂದಿತ್ತು. ಇಂಥ ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇದು ಮುಚ್ಚಿಕೊಳ್ಳಲಿಲ್ಲ. ಎದೆ ತೆರೆದು, ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ತೇಪೆ ಹಾಕಿ ಮುಚ್ಚುವುದೆಂದು ತೀರ್ಮಾನವಾಗಿತ್ತು. ಗೊತ್ತಾದ ದಿನಕ್ಕೆ ಇನ್ನೂ ಎರಡು ವಾರವಿತ್ತು. ರಕ್ತದ ಗುಂಪು ಬಿ ನೆಗೆಟಿವ್, ಹಿಮೋಗ್ಲೋಬಿನ್ 11.8.

ನಾನು ರಕ್ತನಿಧಿಯೊಂದರಲ್ಲಿ ದಾನಿಗಳನ್ನು ಹೊಂದಿಸುವ ಕೆಲಸದಲ್ಲಿದ್ದೇನೆ. ಕುಟುಂಬದ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಈ ಪ್ರಕರಣ ನಮಗೆ ಮೊದಲು ತಿಳಿದದ್ದು ಆಸ್ಪತ್ರೆಯಿಂದಲ್ಲ, ನಮ್ಮ ಹಳೆಯ ದಾನಿಯೊಬ್ಬರು ಕಳಿಸಿದ ವಾಟ್ಸಪ್ ಸಂದೇಶದಿಂದ. ಅದು ಹೀಗಿತ್ತು:

"ಅರ್ಜೆಂಟ್!! 4 ವರ್ಷದ ಪುಟ್ಟ ಮಗುವಿನ ಹಾರ್ಟ್ ಆಪರೇಷನ್‌ಗೆ 8 ಯೂನಿಟ್ ಬಿ ನೆಗೆಟಿವ್ ರಕ್ತ ಬೇಕು. ದಯವಿಟ್ಟು ಎಲ್ಲಾ ಗ್ರೂಪ್‌ಗಳಿಗೂ ಫಾರ್ವರ್ಡ್ ಮಾಡಿ."

ಮೇಲೆ ಮಗುವಿನ ಫೋಟೊ, ಕೆಳಗೆ ಅಪ್ಪನ ಮೊಬೈಲ್ ನಂಬರ್. ಯಾವತ್ತು ಬೇಕು, ಯಾವ ರಕ್ತನಿಧಿಗೆ ಬರಬೇಕು ಎನ್ನುವುದು ಎಲ್ಲೂ ಇಲ್ಲ. ಅಪ್ಪನಿಗೆ ಫೋನ್ ಮಾಡಿದಾಗ ಅವರ ದನಿ ಕಟ್ಟಿಹೋಗಿತ್ತು. ಬೆಳಗಿನಿಂದ ಕರೆಗಳು ಬರುತ್ತಲೇ ಇವೆ, ನಾಲ್ಕೈದು ಮಂದಿ ಬಿ ನೆಗೆಟಿವ್‌ನವರು ಈಗಲೇ ಬಂದು ಕೊಡುತ್ತೇವೆ ಎನ್ನುತ್ತಿದ್ದಾರೆ, ಎಲ್ಲಿಗೆ ಕಳಿಸಲಿ ಎಂದು ಕೇಳಿದರು.

"ಯಾರನ್ನೂ ಇವತ್ತು ಕಳಿಸಬೇಡಿ. ಎಲ್ಲರ ಹೆಸರು, ನಂಬರ್ ಬರೆದಿಟ್ಟುಕೊಳ್ಳಿ" ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ರಕ್ತನಿಧಿಯವರೇ ರಕ್ತ ಬೇಡ ಅಂದರೆ ಯಾರಿಗಾದರೂ ಹಾಗೇ ಆಗುತ್ತದೆ. ಆದರೆ ದಿನ ಗೊತ್ತಿರುವ ಶಸ್ತ್ರಚಿಕಿತ್ಸೆಯಲ್ಲಿ ದಾನಿಗಳನ್ನು ಕರೆಯುವುದು ಸುಲಭದ ಭಾಗ. ಬರುತ್ತೇನೆಂದವರ ಉತ್ಸಾಹ ಆರದ ಹಾಗೆ, ಬೇಕಾದ ದಿನದವರೆಗೆ ಅವರನ್ನು ತಡೆದು ನಿಲ್ಲಿಸಿಕೊಳ್ಳುವುದೇ ಕಷ್ಟ. ಈ ಪ್ರಕರಣವನ್ನು ಬರೆಯಲು ಕಾರಣವೂ ಅದೇ.

ಎಂಟು ಎಲ್ಲಿಂದ ಬಂತು

ಆಸ್ಪತ್ರೆ ಕೊಟ್ಟ ರಿಕ್ವಿಸಿಷನ್ ಫಾರಂನ ಫೋಟೊ ಕಳಿಸಿ ಎಂದು ಕೇಳಿದೆ. ಅದರಲ್ಲಿ ಮೂರು ಸಾಲು: ಪಿಆರ್‌ಬಿಸಿ (ಕೆಂಪುಕಣ) 2, ಎಫ್‌ಎಫ್‌ಪಿ (ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ) 2, ಆರ್‌ಡಿಪಿ (ಮಾಮೂಲು ರಕ್ತದಾನದ ಬ್ಯಾಗಿನಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್) 4. ಅಪ್ಪ ಮೂರನ್ನೂ ಕೂಡಿಸಿದ್ದರು. ಮೂರೂ ರಕ್ತದ ಭಾಗಗಳೇ, ಆದರೆ ಮೂರರ ಬಾಳಿಕೆ ಬೇರೆ, ಹೊಂದಾಣಿಕೆಯ ನಿಯಮ ಬೇರೆ ಎಂದು ಫಾರಂ ಕೊಡುವಾಗ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ದಾನಿಯಿಂದ ತೆಗೆದ ಒಂದು ಬ್ಯಾಗ್ ರಕ್ತವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಕೆಂಪುಕಣ ತಳಕ್ಕೆ ಕೂರುತ್ತದೆ, ಪ್ಲಾಸ್ಮಾ ಮೇಲೆ ನಿಲ್ಲುತ್ತದೆ, ಪ್ಲೇಟ್‌ಲೆಟ್ ನಡುವೆ ಸಿಗುತ್ತದೆ. ಒಬ್ಬ ದಾನಿಯಿಂದ ಮೂರು ಬ್ಯಾಗ್. ಕೆಂಪುಕಣ, ಅಂದರೆ ಪಿಆರ್‌ಬಿಸಿ, 2ರಿಂದ 6 ಡಿಗ್ರಿ ತಂಪಿನಲ್ಲಿ ಪೋಷಕ ದ್ರಾವಣದ ಜೊತೆ 42 ದಿನ ಉಳಿಯುತ್ತದೆ. ಪ್ಲಾಸ್ಮಾವನ್ನು ಫ್ರೀಜರ್‌ನಲ್ಲಿ ಮಂಜುಗಟ್ಟಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಪ್ಲೇಟ್‌ಲೆಟ್ ಮಾತ್ರ ಫ್ರಿಜ್‌ಗೆ ಒಗ್ಗದ್ದು. 20ರಿಂದ 24 ಡಿಗ್ರಿಯಲ್ಲಿ, ತೂಗಾಡುವ ತಟ್ಟೆಯ ಮೇಲೆ, ಸಾಮಾನ್ಯವಾಗಿ 5 ದಿನ. ಎರಡು ವಾರ ಮುಂಚೆ ಕೊಟ್ಟ ರಕ್ತದ ಪ್ಲೇಟ್‌ಲೆಟ್ ಶಸ್ತ್ರಚಿಕಿತ್ಸೆಯ ದಿನಕ್ಕೆ ಕಸದ ಬುಟ್ಟಿ ಸೇರಿರುತ್ತದೆ.

ಹೊಂದಾಣಿಕೆಯ ವಿಷಯದಲ್ಲೂ ಎಂಟಕ್ಕೆ ಎಂಟೂ ಬಿ ನೆಗೆಟಿವ್ ಆಗಬೇಕಿರಲಿಲ್ಲ. ಪ್ಲಾಸ್ಮಾದಲ್ಲಿ ಆರ್‌ಎಚ್, ಅಂದರೆ ಪಾಸಿಟಿವೋ ನೆಗೆಟಿವೋ ಎಂದು ನೋಡುವ ಅಗತ್ಯವಿಲ್ಲ. ಬಿ ಅಥವಾ ಎಬಿ ಗುಂಪಿನದಾದರೆ ಸಾಕು, ಪಾಸಿಟಿವ್ ಆದರೂ ನಡೆಯುತ್ತದೆ. ಅದು ನಮ್ಮ ಫ್ರೀಜರ್‌ನಲ್ಲಿ ಧಾರಾಳವಾಗಿತ್ತು. ನಾಲ್ಕು ಆರ್‌ಡಿಪಿ ಬದಲು ಒಬ್ಬನೇ ದಾನಿಯಿಂದ ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆಯುವ ಎಸ್‌ಡಿಪಿ ಆಗಬಹುದೇ ಎಂದು ಅರಿವಳಿಕೆ ವೈದ್ಯರನ್ನು ಕೇಳಿದೆವು. ಅವರಿಗೆ ಅದೇ ಇಷ್ಟವಾಗಿತ್ತು: ಎಷ್ಟು ಕಡಿಮೆ ದಾನಿಗಳೋ ಅಷ್ಟು ಕಡಿಮೆ ಅಪಾಯ.

ಕೊನೆಗೆ ನಿಜವಾಗಿ ಹುಡುಕಬೇಕಾಗಿ ಬಂದದ್ದು ಮೂರು ಬಿ ನೆಗೆಟಿವ್ ದಾನಿಗಳನ್ನು. ಇಬ್ಬರು ಕೆಂಪುಕಣಕ್ಕೆ, ಒಬ್ಬರು ಪ್ಲೇಟ್‌ಲೆಟ್‌ಗೆ. ಜೊತೆಗೆ ಕೈಗೆಟುಕುವಲ್ಲಿ ಒಬ್ಬಿಬ್ಬರು.

ಮೂರೇ ಎಂದರೂ ಹಗುರವಲ್ಲ. ಯುರೋಪಿಯನ್ ಮೂಲದವರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಆರ್‌ಎಚ್ ನೆಗೆಟಿವ್ ಇದ್ದರೆ, ದಕ್ಷಿಣ ಏಷ್ಯಾದವರಲ್ಲಿ ಐದರ ಆಸುಪಾಸು. ಅದರಲ್ಲಿ ಬಿ ಗುಂಪಿನವರನ್ನು ಬೇರೆ ಮಾಡಿದರೆ ಒಬ್ಬರೋ ಇಬ್ಬರೋ. ಗಂಡು ಮಗುವೋ ವಯಸ್ಸಾದವರೋ ಆಗಿದ್ದರೆ, ಏನೂ ಸಿಗದ ತುರ್ತಿನಲ್ಲಿ ಒಂದು ಬ್ಯಾಗ್ ಪಾಸಿಟಿವ್ ಕೊಟ್ಟು ಜೀವ ಉಳಿಸಿಕೊಳ್ಳುವುದುಂಟು. ಹೆಣ್ಣು ಮಗುವಿಗೆ ಹಾಗೆ ಮಾಡಲು ಯಾರೂ ಮುಂದಾಗುವುದಿಲ್ಲ. ಪಾಸಿಟಿವ್ ರಕ್ತ ಹೋದರೆ ಅವಳ ದೇಹ ಅದರ ವಿರುದ್ಧ ಆಂಟಿ-ಡಿ ಎಂಬ ಪ್ರತಿಕಾಯ ಬೆಳೆಸಿಕೊಳ್ಳಬಹುದು. ಇಪ್ಪತ್ತು-ಮೂವತ್ತು ವರ್ಷ ಕಳೆದು ಅವಳ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಇದ್ದರೆ, ಆ ಪ್ರತಿಕಾಯ ಮಾಸು ದಾಟಿ ಆ ಮಗುವಿನ ಕೆಂಪುಕಣಗಳನ್ನು ಒಡೆಯುತ್ತದೆ. ಬಿ ನೆಗೆಟಿವ್ ಸಿಗದಿದ್ದರೆ ಓ ನೆಗೆಟಿವ್ ಕೆಂಪುಕಣ ಕೊಡುವುದೆಂದು ಮೊದಲೇ ಮಾತಾಡಿಕೊಂಡೆವು.

ಹದಿನಾಲ್ಕು ಕಿಲೋ ಮೈಯ ಲೆಕ್ಕ

"ಅಷ್ಟು ಚಿಕ್ಕ ಮಗುವಿಗೆ ಎರಡು ಬ್ಯಾಗ್ ಯಾಕೆ ಮೇಡಂ? ದೊಡ್ಡವರಿಗೇ ಎಷ್ಟೋ ಸಲ ರಕ್ತ ಕೊಡದೆ ಆಪರೇಷನ್ ಮಾಡ್ತಾರಲ್ಲ?" ಎಂದು ಅಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ಕಾಗದದ ಮೇಲೆ ಬರೆದು ತೋರಿಸಿದೆ.

ಈ ವಯಸ್ಸಿನಲ್ಲಿ ಕಿಲೋ ತೂಕಕ್ಕೆ ಸುಮಾರು 75 ಮಿಲಿ ರಕ್ತವಿರುತ್ತದೆ. 14 ಕಿಲೋಗೆ 1050 ಮಿಲಿ. ಒಂದು ಲೀಟರ್‌ಗಿಂತ ಒಂದು ಗುಟುಕು ಹೆಚ್ಚು, ಅಷ್ಟೇ. ದೊಡ್ಡವರ ಮೈಯಿಂದ 350 ಮಿಲಿ ಹೋದರೆ ಅದು ಒಂದು ರಕ್ತದಾನ; ಎದ್ದು ನಡೆದುಕೊಂಡು ಹೋಗುತ್ತಾರೆ. ಈ ಮಗುವಿನ ಮೈಯಿಂದ ಅಷ್ಟು ಹೋದರೆ ಮೂರನೇ ಒಂದು ಭಾಗ ಹೋದಂತೆ.

ಅದಕ್ಕೂ ಮುಂಚಿನದೊಂದು ಸಂಗತಿಯಿದೆ, ಅದನ್ನು ಮನೆಯವರಿಗೆ ಹೇಳುವವರು ಕಡಿಮೆ. ಹೃದಯ ನಿಲ್ಲಿಸಿದಾಗ ಅದರ ಕೆಲಸವನ್ನು ಹೊರಗಿನ ಯಂತ್ರ ಮಾಡುತ್ತದೆ. ಆ ಯಂತ್ರದ ಕೊಳವೆಗಳು ಖಾಲಿ ಇರುವಂತಿಲ್ಲ, ಮೊದಲೇ ದ್ರವದಿಂದ ತುಂಬಿರಬೇಕು. ಈ ಗಾತ್ರದ ಮಗುವಿಗೆ ಬಳಸುವ ಕೊಳವೆಗಳಿಗೆ 500 ಮಿಲಿ ಎಂದಿಟ್ಟುಕೊಳ್ಳೋಣ. ಮಗುವಿನ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣದ ಪಾಲು, ನೂರಕ್ಕೆ 36. ಅವಳ 1050 ಮಿಲಿ ರಕ್ತ 500 ಮಿಲಿ ಬರೀ ಸಲೈನ್ ಜೊತೆ ಬೆರೆತರೆ ಆ ಪಾಲು ಸುಮಾರು 24ಕ್ಕೆ ಬರುತ್ತದೆ. ಚಾಕು ಒಂದು ಹನಿ ಚೆಲ್ಲುವ ಮುಂಚೆಯೇ! ಅದರ ಮೇಲೆ ರಕ್ತಸ್ರಾವವೂ ಆದರೆ ಮೈಗೆ ಆಮ್ಲಜನಕ ಒಯ್ಯುವ ಕಣಗಳೇ ಸಾಲುವುದಿಲ್ಲ. ಆದ್ದರಿಂದ ಒಂದು ಬ್ಯಾಗ್ ಕೆಂಪುಕಣ ಯಂತ್ರದ ಕೊಳವೆಗೇ ಹೋಗುತ್ತದೆ. ಇನ್ನೊಂದು ಸೋರಿಕೆಗೆಂದು ಕಾದಿರುತ್ತದೆ. ಕಿಲೋಗೆ 10ರಿಂದ 15 ಮಿಲಿ ಕೆಂಪುಕಣ ಕೊಟ್ಟರೆ ಹಿಮೋಗ್ಲೋಬಿನ್ 2-3 ಗ್ರಾಂ ಏರುತ್ತದೆ. ಇವಳಿಗೆ ಅರ್ಧ ಬ್ಯಾಗೇ ಸಾಕು. ಹಾಗಾಗಿ ಎರಡು ಬ್ಯಾಗ್ ಅನ್ನುವುದು ಹದವಾದ ಬೇಡಿಕೆ.

ಎಲ್ಲ ಫಾರಂಗಳೂ ಇಷ್ಟು ಹದವಾಗಿರುವುದಿಲ್ಲ ಎನ್ನುವುದನ್ನೂ ಹೇಳಬೇಕು. "ಇರಲಿ" ಎಂದು ಆರು ಬರೆದು ಒಂದೇ ಬಳಸುವ ವಿಭಾಗಗಳನ್ನು ನೋಡಿದ್ದೇನೆ. ಕ್ರಾಸ್‌ಮ್ಯಾಚ್ ಮಾಡಿ, ಅಂದರೆ ದಾನಿಯ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ಒಬ್ಬರ ಹೆಸರಿಗೆ ಕಟ್ಟಿಟ್ಟ ಬ್ಯಾಗು ಅಷ್ಟು ದಿನ ಬೇರೆ ಯಾರಿಗೂ ಸಿಗುವುದಿಲ್ಲ. ನೆಗೆಟಿವ್ ಗುಂಪಿನಲ್ಲಿ ಇದು ದುಬಾರಿ ಅಭ್ಯಾಸ.

ಯಾವ ದಿನ ಯಾರು

ಇದಾದ ಮೇಲೆ ಶಸ್ತ್ರಚಿಕಿತ್ಸೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬಂದೆವು. ಪ್ಲೇಟ್‌ಲೆಟ್ ದಾನಿ ಹಿಂದಿನ ದಿನ ಬೆಳಿಗ್ಗೆ. ಕೆಂಪುಕಣದ ದಾನಿಗಳು ಮೂರು-ನಾಲ್ಕು ದಿನ ಮುಂಚೆ, ಬೇರೆ ಬೇರೆ ದಿನ. ಅದಕ್ಕಿಂತ ಮುಂಚೆ ಎಲ್ಲರ ಗುಂಪು ಖಾತ್ರಿ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ದಾನಿಯ ಪ್ಲೇಟ್‌ಲೆಟ್ ಎಣಿಕೆ ಮತ್ತು ತೋಳಿನ ರಕ್ತನಾಳದ ತಪಾಸಣೆ. ರಕ್ತನಾಳ ಸಣ್ಣದಾದರೆ ಒಂದು ಗಂಟೆಗೂ ಹೆಚ್ಚು ಹೊತ್ತು ಯಂತ್ರಕ್ಕೆ ಕೂರುವುದು ಕಷ್ಟ.

ಮೂರು-ನಾಲ್ಕು ದಿನವೇ ಯಾಕೆ? ಹಿಂದಿನ ದಿನ ಕೊಟ್ಟರೆ ಇನ್ನೂ ತಾಜಾ ಅಲ್ಲವೇ ಎಂಬುದು ಮಗುವಿನ ಅಜ್ಜನ ಪ್ರಶ್ನೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಪರೀಕ್ಷೆಗಳ ಫಲಿತಾಂಶ ಬಾರದೆ ಯಾವ ಬ್ಯಾಗೂ ಹೊರಗೆ ಹೋಗುವಂತಿಲ್ಲ. ಫಲಿತಾಂಶದಲ್ಲಿ ಏನಾದರೂ ಬಂದರೆ ಇನ್ನೊಬ್ಬರನ್ನು ಕರೆಸಲು ಸಮಯ ಬೇಕು. ಪ್ಲೇಟ್‌ಲೆಟ್ ವಿಷಯದಲ್ಲಿ ಈ ಬಿಡುವು ಸಿಗುವುದಿಲ್ಲ. ಅದಕ್ಕೇ ಆ ದಾನಿ ಪದೇಪದೇ ಕೊಟ್ಟು ಪರೀಕ್ಷೆಯಲ್ಲಿ ಪಾಸಾಗಿರುವ ಹಳಬರಾದರೆ ನಮಗೆ ನೆಮ್ಮದಿ.

ತೀರಾ ಹಳೆಯದೂ ಬೇಡ ಅನ್ನುವುದಕ್ಕೆ ಕಾರಣ ಪೊಟ್ಯಾಸಿಯಮ್. ತಂಪಿನಲ್ಲಿಟ್ಟ ಕೆಂಪುಕಣಗಳಿಂದ ಅದು ದಿನದಿನಕ್ಕೆ ಹೊರಗೆ ಸೋರುತ್ತದೆ. ದೊಡ್ಡವರಿಗೆ ನಿಧಾನವಾಗಿ ಒಂದು ಬ್ಯಾಗ್ ಹೋದರೆ ಲೆಕ್ಕಕ್ಕಿಲ್ಲ. ಪುಟ್ಟ ಮೈಗೆ, ಅದೂ ಹೃದಯಕ್ಕೆ, ಒಮ್ಮೆಲೇ ಹೋದರೆ ಲಯ ತಪ್ಪಬಹುದು. ಹಾಗೆಂದು ಮಕ್ಕಳಿಗೆಲ್ಲ ಯಾವಾಗಲೂ ತಾಜಾ ರಕ್ತವೇ ಆಗಬೇಕೆಂದಲ್ಲ. ತೀವ್ರ ನಿಗಾ ಘಟಕದ ಮಕ್ಕಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಎಬಿಸಿ-ಪಿಕು ಅಧ್ಯಯನದಲ್ಲಿ, ಒಂದು ವಾರದೊಳಗಿನ ಕೆಂಪುಕಣ ಪಡೆದವರಿಗೂ ಮಾಮೂಲು ದಾಸ್ತಾನಿನದು ಪಡೆದವರಿಗೂ ಅಂಗಾಂಗ ವೈಫಲ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಂತ್ರದ ಕೊಳವೆಗೆ ಹೋಗುವ ಬ್ಯಾಗಿನ ವಿಷಯದಲ್ಲಿ ಮಾತ್ರ ನಮ್ಮ ವೈದ್ಯರು ಹೊಸದನ್ನೇ ಕೇಳುತ್ತಾರೆ. "ಬಿಸಿ ಬಿಸಿ ರಕ್ತ" ಬೇಕೆನ್ನುವ ಹಳೆಯ ನಂಬಿಕೆಗೂ ಇದಕ್ಕೂ ಸಂಬಂಧವಿಲ್ಲ.

ಸೋದರಮಾವ

ಎರಡನೇ ದಿನ ಮಗುವಿನ ಸೋದರಮಾವ ರಕ್ತನಿಧಿಗೆ ಬಂದರು. ಬಿ ನೆಗೆಟಿವ್, ಮೂವತ್ತರ ಆಸುಪಾಸು, ಗಟ್ಟಿಮುಟ್ಟು ಆಳು. ಬಂದವರೇ ತೋಳು ಮಡಿಸಿಕೊಂಡು ಕೂತರು. ಅವರ ರಕ್ತವನ್ನು ಈ ಮಗುವಿಗೆ ಬಳಸುವುದಿಲ್ಲ ಎಂದಾಗ ಮುಖ ಕೆಂಪಾಯಿತು.

"ಅಕ್ಕನ ಮಗಳಿಗೆ ನನ್ನ ರಕ್ತ ಆಗಲ್ಲ, ಯಾರೋ ಗುರುತಿಲ್ಲದೋರದ್ದು ಆಗುತ್ತೆ ಅಂದ್ರೆ ಏನು ಮೇಡಂ ಅರ್ಥ? ನನಗೆ ಕುಡಿತ ಇಲ್ಲ, ಸಿಗರೇಟ್ ಇಲ್ಲ."

ಅವರ ರಕ್ತದಲ್ಲಿ ದೋಷವಿರಲಿಲ್ಲ. ಅದು ಮಗುವಿಗೆ ತೀರಾ ಹತ್ತಿರದ್ದು ಎನ್ನುವುದೇ ತೊಡಕು. ದಾನಿಯ ರಕ್ತದಲ್ಲಿ ಕೆಂಪುಕಣದ ಜೊತೆ ಲಿಂಫೋಸೈಟ್ ಎಂಬ ಬಿಳಿಕಣಗಳೂ ಬರುತ್ತವೆ. ಹೊರಗಿನವರದಾದರೆ ಮಗುವಿನ ದೇಹ ಅವುಗಳನ್ನು ಪರಕೀಯವೆಂದು ಗುರುತಿಸಿ ಮುಗಿಸಿಬಿಡುತ್ತದೆ. ರಕ್ತಸಂಬಂಧಿಗಳದಾದರೆ ಅಂಗಾಂಶದ ಗುರುತು ಹೋಲುವುದರಿಂದ ಕೆಲವೊಮ್ಮೆ ದೇಹ ಅವುಗಳನ್ನು ತನ್ನವೇ ಎಂದು ಬಿಟ್ಟುಬಿಡುತ್ತದೆ. ಉಳಿದುಕೊಂಡ ಆ ಕಣಗಳು ಬೆಳೆದು ಮಗುವಿನ ಚರ್ಮ, ಕರುಳು, ಯಕೃತ್ತು, ಕೊನೆಗೆ ಮಜ್ಜೆಯ ಮೇಲೇ ತಿರುಗಿಬೀಳುತ್ತವೆ. ತೀರಾ ಅಪರೂಪದ ತೊಂದರೆ. ಆದರೆ ಬಂದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ಬಿಳಿಕಣ ಸೋಸುವ ಫಿಲ್ಟರ್ ಇದಕ್ಕೆ ಸಾಲದು. ಬ್ಯಾಗಿಗೆ 25 ಗ್ರೇ ಪ್ರಮಾಣದ ವಿಕಿರಣ ಹಾಯಿಸಿ ಆ ಕಣಗಳು ಮರಿ ಹಾಕದಂತೆ ಮಾಡಬೇಕು. ನಮ್ಮಲ್ಲಿ ಆ ಯಂತ್ರವಿಲ್ಲ. ಬೇರೆ ಕಡೆ ಕಳಿಸಿ ತರಿಸಬಹುದು, ಆದರೆ ವಿಕಿರಣ ಹಾಯಿಸಿದ ಕೆಂಪುಕಣ ಇನ್ನೂ ಬೇಗ ಪೊಟ್ಯಾಸಿಯಮ್ ಬಿಡುತ್ತದೆ; ಪುಟ್ಟ ಮಕ್ಕಳಿಗೆ ದೊಡ್ಡ ಪ್ರಮಾಣದಲ್ಲಿ ಕೊಡುವುದಾದರೆ 24 ಗಂಟೆಯೊಳಗೆ ಬಳಸಬೇಕು. ಬೇರೆ ದಾನಿಗಳು ಸಿಗುವಾಗ ಈ ಸಾಹಸ ಯಾಕೆ?

ಇದನ್ನೆಲ್ಲ ಹೇಳಿದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ಆಗಬೇಕೆಂದು ನಾನು ನಿರೀಕ್ಷಿಸುವುದೂ ಇಲ್ಲ. ಕೈಕಟ್ಟಿ ಕೂರುವುದಕ್ಕಿಂತ ತೋಳು ಚಾಚುವುದು ಯಾರಿಗಾದರೂ ಸುಲಭ. "ನೀವು ಕೊಡಿ, ನಮ್ಮ ದಾಸ್ತಾನಿಗೆ ಹೋಗಲಿ. ಯಾರದೋ ಮನೆಯ ಬಿ ನೆಗೆಟಿವ್‌ನವರಿಗೆ ಆಗುತ್ತೆ. ನಿಮ್ಮ ಮಗುವಿಗೆ ಇನ್ಯಾರದೋ ಬರುತ್ತೆ" ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಫಾರಂ ತುಂಬಿದರು. ಹಿಮೋಗ್ಲೋಬಿನ್ 14.6 ಬಂತು, ಕೊಟ್ಟು ಹೋದರು.

ಅಮ್ಮನ ಗುಂಪು ಓ ನೆಗೆಟಿವ್. ಹೊಂದಾಣಿಕೆಯ ಪಟ್ಟಿ ನೋಡಿದರೆ ಅವರ ಕೆಂಪುಕಣ ಮಗುವಿಗೆ ನಡೆಯಬೇಕು. ಆದರೆ ಬಸಿರಿನಲ್ಲಿ ಮಗುವಿನ ಮೂಲಕ ಅಪ್ಪನ ಕಡೆಯ ಗುರುತುಗಳಿಗೆ ತಾಯಿಯ ದೇಹದಲ್ಲಿ ಪ್ರತಿಕಾಯಗಳು ಬೆಳೆದಿರಬಹುದು, ಅವು ಪ್ಲಾಸ್ಮಾದಲ್ಲಿ ಬಂದರೆ ಮಗುವಿನ ಶ್ವಾಸಕೋಶಕ್ಕೆ ತೊಂದರೆ. ರಕ್ತಸಂಬಂಧದ ಮಾತು ಹೇಗೂ ಇದೆ. ಅದೂ ಅಲ್ಲದೆ ಅವರಿಗೆ ಎದೆಹಾಲು ಕುಡಿಯುವ ಇನ್ನೊಂದು ಕೂಸಿತ್ತು, ಹಿಮೋಗ್ಲೋಬಿನ್ 10.6, ದಾನಕ್ಕೆ ಸಾಮಾನ್ಯವಾಗಿ 12.5 ಬೇಕು. ಅವರಿಗೆ ಕಬ್ಬಿಣದ ಮಾತ್ರೆಯ ಸಲಹೆ ಕೊಟ್ಟು ಕಳಿಸಿದೆವು.

ಫೋನಿನಲ್ಲಿ ಜರಡಿ

ಅಪ್ಪ ಬರೆದಿಟ್ಟುಕೊಂಡಿದ್ದ ಪಟ್ಟಿಯಲ್ಲಿ ಹತ್ತು-ಹನ್ನೆರಡು ಹೆಸರುಗಳಿದ್ದವು. ಒಬ್ಬರು ಕೊಟ್ಟು ಎರಡು ತಿಂಗಳಷ್ಟೇ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಗಂಡಸರಿಗೆ 12 ವಾರ, ಹೆಂಗಸರಿಗೆ 16 ವಾರದ ಅಂತರ ಹೇಳುತ್ತದೆ. ಇನ್ನೊಬ್ಬರು ಜ್ವರಕ್ಕೆ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದರು. ಒಬ್ಬ ಹುಡುಗ ಬಿ ನೆಗೆಟಿವ್ ಅಂದುಕೊಂಡಿದ್ದ, ಪರೀಕ್ಷಿಸಿದರೆ ಬಿ ಪಾಸಿಟಿವ್. ಯಂತ್ರದ ಮೇಲೆ ಕೂತು ಪ್ಲೇಟ್‌ಲೆಟ್ ಕೊಡಲು ಒಪ್ಪಿದ್ದವರು ಸೊಂಟನೋವಿಗೆ ಆಸ್ಪಿರಿನ್ ನುಂಗಿದ್ದರು. ಆ ಮಾತ್ರೆ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನೇ ಕೆಡಿಸುತ್ತದೆ. ಶಸ್ತ್ರಚಿಕಿತ್ಸೆಗೆ ಇನ್ನೂ ದಿನವಿದ್ದುದರಿಂದ, ಇನ್ನು ನುಂಗಬೇಡಿ ಎಂದು ಹೇಳಿ ಉಳಿಸಿಕೊಂಡೆವು. ದಿನ ಇರುವುದರ ಲಾಭ ಇದು.

ಒಬ್ಬ ಮಾತ್ರ ಬೇರೆ ಧಾಟಿಯಲ್ಲಿ ಮಾತಾಡಿದ್ದ. "ಎರಡು ಬಾಟಲಿಗೆ ಆಳು ಕಳಿಸ್ತೀನಿ, ಓಡಾಟದ ಖರ್ಚು ನೋಡ್ಕೊಳ್ಳಿ" ಎಂದಿದ್ದನಂತೆ. ಅಪ್ಪ ಒಪ್ಪುವ ಹಾದಿಯಲ್ಲಿದ್ದರು. ದುಡ್ಡಿಗಾಗಿ ಬರುವವನು ಮೊನ್ನೆ ಕೊಟ್ಟದ್ದನ್ನೂ, ಕಳೆದ ತಿಂಗಳ ಕಾಮಾಲೆಯನ್ನೂ ಹೇಳುವುದಿಲ್ಲ. ಪರೀಕ್ಷೆಗಳು ಎಷ್ಟೇ ಸೂಕ್ಷ್ಮವಾದರೂ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಏನೂ ಕಾಣದ ಒಂದು ಅವಧಿ ಇದ್ದೇ ಇರುತ್ತದೆ. ಆ ಅವಧಿಯಲ್ಲಿ ನಮಗಿರುವ ಒಂದೇ ರಕ್ಷಣೆ ದಾನಿಯ ಪ್ರಾಮಾಣಿಕ ಉತ್ತರ. ಆ ನಂಬರ್ ಅಳಿಸಿಹಾಕಿಸಿದೆ.

ಸಂದೇಶವನ್ನೂ ತಿದ್ದಿದೆವು. ಫೋಟೊ ತೆಗೆದು, ಅಪ್ಪನ ನಂಬರ್ ಬದಲು ರಕ್ತನಿಧಿಯ ನಂಬರ್ ಹಾಕಿ, ಹೀಗೆ ಬರೆದೆವು: "ಬಿ ನೆಗೆಟಿವ್ ದಾನಿಗಳ ಹೆಸರು ನೋಂದಾಯಿಸಿಕೊಳ್ಳುತ್ತಿದ್ದೇವೆ. ಈಗಲೇ ಬರುವುದು ಬೇಡ. ಕರೆ ಮಾಡಿ, ಯಾವ ದಿನವೆಂದು ತಿಳಿಸುತ್ತೇವೆ. ಈ ಸಂದೇಶ ಇಂಥ ತಾರೀಖಿನ ನಂತರ ಫಾರ್ವರ್ಡ್ ಮಾಡಬೇಡಿ." ಮೊದಲಿನದರಷ್ಟು ಎದೆಗೆ ತಟ್ಟುವುದಿಲ್ಲ, ನಿಜ. ಹೊಸದಕ್ಕೆ ಬಂದ ಕರೆಗಳೂ ಕಡಿಮೆ. ಬಂದವು ಮಾತ್ರ ಉಪಯೋಗಕ್ಕೆ ಬಂದವು. ಹಳೆಯದು ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಊರೂರು ಸುತ್ತುತ್ತ ಅಪ್ಪನ ನಿದ್ದೆ ಕೆಡಿಸುತ್ತಿತ್ತು.

ಕೆಮ್ಮು

ಮೊದಲ ಕೆಂಪುಕಣದ ದಾನಿ ಹೇಳಿದ ದಿನ ಬಂದು ಕೊಟ್ಟುಹೋದರು. ಎರಡನೆಯವರು ಮಾರನೇ ದಿನ ಬರಬೇಕಿತ್ತು. ಅಂದು ರಾತ್ರಿ ಮಗುವಿಗೆ ಜ್ವರ, ಕೆಮ್ಮು. ಬೆಳಿಗ್ಗೆ ವೈದ್ಯರು ನೋಡಿ ಶಸ್ತ್ರಚಿಕಿತ್ಸೆಯನ್ನು ಮೂರು ವಾರ ಮುಂದೂಡಿದರು. ಶ್ವಾಸನಾಳ ಕೆರಳಿರುವಾಗ ಅರಿವಳಿಕೆ ಕೊಟ್ಟು ಹೃದಯ ತೆರೆಯುವುದು ಅಪಾಯ; ಮಕ್ಕಳ ಹೃದಯ ವಿಭಾಗದಲ್ಲಿ ಇದು ದಿನನಿತ್ಯದ ಮಾತು. ಆದರೂ ರಕ್ತ ಹೊಂದಿಸಲು ಹೊರಟವರ ಲೆಕ್ಕದಲ್ಲಿ ಮಗುವಿಗೆ ನೆಗಡಿಯಾಗುವ ಸಾಧ್ಯತೆ ಇರುವುದೇ ಇಲ್ಲ.

ಎರಡನೇ ದಾನಿಯನ್ನೂ ಪ್ಲೇಟ್‌ಲೆಟ್ ದಾನಿಯನ್ನೂ ಫೋನ್ ಮಾಡಿ ನಿಲ್ಲಿಸಿದೆವು. ಸಂದೇಶ ಬಂದ ದಿನವೇ ಎಲ್ಲರೂ ಕೊಟ್ಟುಬಿಟ್ಟಿದ್ದರೆ ಹೊಸ ತಾರೀಖಿಗೆ ಅವರಲ್ಲಿ ಒಬ್ಬರೂ ಮತ್ತೆ ಕೊಡುವ ಸ್ಥಿತಿಯಲ್ಲಿರುತ್ತಿರಲಿಲ್ಲ.

ತೆಗೆದಾಗಿದ್ದ ಒಂದು ಬ್ಯಾಗ್ ಉಳಿಯಿತು. ಹೊಸ ತಾರೀಖಿಗೂ ಅದರ ಬಾಳಿಕೆ ಮುಗಿಯುತ್ತಿರಲಿಲ್ಲ, ಆದರೆ ಯಂತ್ರದ ಕೊಳವೆಗೆ ಬೇಕಾದಷ್ಟು ಹೊಸದಾಗಿರುತ್ತಿರಲಿಲ್ಲ. ಅದೇ ವಾರ ಹೆರಿಗೆಯಲ್ಲಿ ರಕ್ತ ಹರಿದು ಬಿ ನೆಗೆಟಿವ್ ತಾಯಿಯೊಬ್ಬರು ದಾಖಲಾದರು. ವೈದ್ಯಾಧಿಕಾರಿ ಬ್ಯಾಗನ್ನು ಮಗುವಿನ ಹೆಸರಿನಿಂದ ಬಿಡಿಸಿ ಅವರಿಗೆ ಕೊಟ್ಟರು. ವಿಷಯ ತಿಳಿದು ಅಪ್ಪ ಸಿಟ್ಟಿನಿಂದಲೇ ಬಂದರು.

"ನಮ್ಮ ಮಗು ಅಂತ ಅವರು ಕೊಟ್ಟಿದ್ದು. ನಮ್ಮನ್ನ ಒಂದು ಮಾತು ಕೇಳಬೇಕಿತ್ತಲ್ವಾ?"

ಕೇಳುವ ಕ್ರಮವಿಲ್ಲ. ರಕ್ತ ಒಮ್ಮೆ ಬ್ಯಾಂಕಿಗೆ ಬಂದ ಮೇಲೆ ಅದರ ಮೇಲೆ ಯಾರ ಹಕ್ಕೂ ಇರುವುದಿಲ್ಲ, ರಿಸರ್ವ್ ಎನ್ನುವುದು ಒಂದು ಅವಧಿಯ ವ್ಯವಸ್ಥೆ ಮಾತ್ರ. ಆದರೆ ಅವರ ಸಿಟ್ಟು ನನಗೆ ಅನ್ಯಾಯವೆಂದು ಕಾಣಲಿಲ್ಲ. ಕಂಡವರ ಕಾಲು ಹಿಡಿದು ತಂದ ಬ್ಯಾಗು ಅದು. ಆ ಹೊತ್ತು ಒಬ್ಬ ಬಾಣಂತಿಗೆ ಬೇಕಿತ್ತು, ನಿಮ್ಮ ಮಗುವಿಗೆ ಬೇಕಾಗುವ ಹೊತ್ತಿಗೆ ನಾವು ಹೊಂದಿಸುತ್ತೇವೆ ಎಂದು ವೈದ್ಯಾಧಿಕಾರಿ ತಾವೇ ಕೂತು ಮಾತಾಡಿದರು. ರಿಸರ್ವ್ ಬಿಡಿಸುವಾಗ ಮನೆಯವರಿಗೆ ಒಂದು ಫೋನ್ ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ. ಒಪ್ಪಿಗೆಗಲ್ಲ, ತಿಳಿವಳಿಕೆಗೆ.

ಬಳಸಿದ್ದು, ಉಳಿದದ್ದು

ಎರಡನೇ ಸಲ ಎಲ್ಲ ಸರಾಗವಾಗಿ ನಡೆಯಿತು ಎನ್ನುವಂತಿಲ್ಲ. ನಿಲ್ಲಿಸಿದ್ದ ಕೆಂಪುಕಣದ ದಾನಿ ಮಾತಿಗೆ ತಕ್ಕಂತೆ ಬಂದರು. ಇನ್ನೊಂದು ಬ್ಯಾಗಿಗೆಂದು ಗೊತ್ತುಮಾಡಿದ್ದವರು ಕೆಲಸದ ಮೇಲೆ ಪರಊರಿಗೆ ಹೋಗಿದ್ದರು. ತಿದ್ದಿದ ಸಂದೇಶಕ್ಕೆ ಕರೆ ಮಾಡಿದ್ದ ಹೆಣ್ಣುಮಗಳೊಬ್ಬರು ಅವರ ಜಾಗಕ್ಕೆ ಬಂದರು. ಜೊತೆಗೆ ಒಂದು ಓ ನೆಗೆಟಿವ್ ಬ್ಯಾಗನ್ನು ಫ್ರಿಜ್‌ನಲ್ಲಿ ಕಣ್ಣಳತೆಯಲ್ಲಿಟ್ಟುಕೊಂಡೆವು. ಮಗುವಿನಿಂದ ಹೊಸದಾಗಿ ಮಾದರಿ ತೆಗೆದು ಪ್ರತಿಕಾಯ ತಪಾಸಣೆ, ಕ್ರಾಸ್‌ಮ್ಯಾಚ್ ಎರಡನ್ನೂ ಮತ್ತೆ ಮಾಡಿದೆವು. ಮೊದಲಿನ ಮಾದರಿ ಈಗ ನಡೆಯುವುದಿಲ್ಲ.

ಅಂದು ಬೆಳಿಗ್ಗೆ ಇಶ್ಯೂ ಕೌಂಟರ್‌ನಲ್ಲಿ ತಂತ್ರಜ್ಞೆ ಬ್ಯಾಗಿನ ಮೇಲಿನ ನಂಬರನ್ನು ಗಟ್ಟಿಯಾಗಿ ಓದಿದರು, ವಾರ್ಡಿನಿಂದ ಬಂದ ನರ್ಸ್ ಫಾರಂ ನೋಡಿಕೊಂಡು ಅದನ್ನೇ ಮತ್ತೆ ಹೇಳಿದರು. ಮಗುವಿನ ಹೆಸರು, ಆಸ್ಪತ್ರೆ ಸಂಖ್ಯೆ, ಗುಂಪು, ಮುಕ್ತಾಯದ ತಾರೀಖು ಒಂದೊಂದಾಗಿ. ಆಮೇಲೆ ಬ್ಯಾಗನ್ನು ಬೆಳಕಿಗೆ ಹಿಡಿದು ಬಣ್ಣ ಕೆಟ್ಟಿದೆಯೇ, ಗಡ್ಡೆ ಇದೆಯೇ ಎಂದು ತಿರುಗಿಸಿ ನೋಡಿದರು. ತಪ್ಪು ರಕ್ತ ಹೋಗುವುದು ಹೆಚ್ಚಾಗಿ ಪ್ರಯೋಗಾಲಯದ ತಪ್ಪಿನಿಂದಲ್ಲ, ಹೆಸರು ಅದಲುಬದಲಾಗುವುದರಿಂದ. ಹಾಗಾಗಿ ಹಿಂದೆ ಸಾಲು ನಿಂತಿದ್ದರೂ ಈ ಓದುವಿಕೆಯನ್ನು ಯಾರೂ ಅವಸರ ಮಾಡುವುದಿಲ್ಲ. ಎರಡನೇ ಬ್ಯಾಗನ್ನು ಕೇಳಿದಾಗಲೇ ಕಳಿಸುವುದೆಂದು ನಮ್ಮಲ್ಲೇ ಉಳಿಸಿಕೊಂಡೆವು. ಒಮ್ಮೆ ಹೊರಗೆ ಹೋದದ್ದು ಅರ್ಧ ಗಂಟೆ ಮೀರಿದರೆ ವಾಪಸ್ ದಾಸ್ತಾನಿಗೆ ಸೇರಿಸುವಂತಿಲ್ಲ.

ಮೊದಲ ಬ್ಯಾಗ್ ಯಂತ್ರದ ಕೊಳವೆಗೆ ಹೋಯಿತು. ರಾತ್ರಿ ಐಸಿಯುನಲ್ಲಿ ಎದೆಯ ಡ್ರೈನ್‌ನಿಂದ (ಒಳಗೆ ಸೇರಿದ ರಕ್ತವನ್ನು ಹೊರಗೆ ಹರಿಸುವ ನಳಿಕೆ) ರಕ್ತ ಸ್ವಲ್ಪ ಹೆಚ್ಚು ಬರುತ್ತಿದೆ ಎಂದು ಎರಡನೆಯದನ್ನು ತರಿಸಿಕೊಂಡು 150 ಮಿಲಿ ಕೊಟ್ಟರು, ಜೊತೆಗೆ ಒಂದು ಎಫ್‌ಎಫ್‌ಪಿ. ಓ ನೆಗೆಟಿವ್ ಬೇಕಾಗಲಿಲ್ಲ. ಎಸ್‌ಡಿಪಿಯೂ ಬೇಕಾಗಲಿಲ್ಲ, ಬಾಳಿಕೆ ಮುಗಿಯುವ ಮುಂಚೆ ಅದು ಕೀಮೋ ಪಡೆಯುತ್ತಿದ್ದ ರೋಗಿಯೊಬ್ಬರಿಗೆ ಹೋಯಿತು. ಈ ಸಲ ಅಪ್ಪನಿಗೆ ಮೊದಲೇ ಫೋನ್ ಮಾಡಿದ್ದೆ. "ಕೊಡಿ ಮೇಡಂ, ಕೊಡಿ" ಎಂದರು.

ಮಗು ಚೇತರಿಸಿಕೊಂಡ ಮೇಲೆ ಅಪ್ಪ-ಅಮ್ಮ ಇಬ್ಬರೂ ಬಂದು ದಾನಿಗಳ ವಿಳಾಸ ಕೇಳಿದರು, ಮನೆಗೆ ಹೋಗಿ ಕೈಮುಗಿಯಬೇಕೆಂದು. ಕೊಡಲಿಲ್ಲ. ದಾನಿಯ ಗುರುತು ರೋಗಿಗೆ, ರೋಗಿಯ ಗುರುತು ದಾನಿಗೆ ತಿಳಿಸುವ ಪದ್ಧತಿಯಿಲ್ಲ, ಮುಂದೆ ಯಾರ ಮೇಲೂ ಯಾರ ಋಣದ ಭಾರ ಬೀಳಬಾರದು. ಕಾಗದ ಬರೆದುಕೊಟ್ಟರೆ ತಲುಪಿಸುತ್ತೇವೆ ಎಂದೆವು, ಬರೆದುಕೊಟ್ಟರು.

ಡಿಸ್ಚಾರ್ಜ್ ಕಾರ್ಡಿನಲ್ಲಿ ಯಾವ ಭಾಗ, ಎಷ್ಟು, ಯಾವ ತಾರೀಖು ಎಂದು ಬರೆಸಿದ್ದೇವೆ. ಹೊರಗಿನ ಕೆಂಪುಕಣ ಮೈಗೆ ಹೋದ ಮೇಲೆ, ಗುಂಪು ಸರಿಹೊಂದಿದ್ದರೂ, ಇತರ ಸಣ್ಣ ಗುರುತುಗಳ ವಿರುದ್ಧ ಪ್ರತಿಕಾಯ ಹುಟ್ಟುವ ಸಾಧ್ಯತೆ ಉಳಿದಿರುತ್ತದೆ. ಮತ್ತೆಂದಾದರೂ ರಕ್ತ ಬೇಕಾದರೆ ಅಲ್ಲಿನವರು ಮೊದಲು ಕೇಳುವುದು ಅದನ್ನೇ. ಕಾರ್ಡಿನ ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಲು ಅಮ್ಮನಿಗೆ ಹೇಳಿದೆ.